ಮೊಣಕಾಲುದ್ದದ ನೀರಿನಲ್ಲಿ ಗೆಂಡೆ ಗಾಳಕ್ಕೆ ಬೀಳುತ್ತಿಲ್ಲವೇ? ಎರೆ ಬದಲಿಸುವ ಮುಂಚೆ ಇಷ್ಟು ನೋಡಿ

ಕಣ್ಣೆದುರಿಗೇ ಗೆಂಡೆ ಮೇಯುತ್ತಿರುತ್ತದೆ. ಜೊಂಡು ಅಲ್ಲಾಡುತ್ತದೆ, ನೀರು ಕದಡುತ್ತದೆ, ಒಮ್ಮೊಮ್ಮೆ ಬೆನ್ನಿನ ರೆಕ್ಕೆ ಮೇಲೆ ಬಂದು ಹೋಗುತ್ತದೆ. ನಿಮ್ಮ ಬೆಂಡು ಮಾತ್ರ ನೆಟ್ಟ ಗೂಟದ ಹಾಗೆ ನಿಂತಿರುತ್ತದೆ. ಒಂದು ಗಂಟೆ ಕಳೆಯಿತು ಅಂದರೆ ಕೈ ತಾನಾಗಿ ಎರೆಯ ಡಬ್ಬಿಗೆ ಹೋಗುತ್ತದೆ. ಜೋಳ ತೆಗೆದು ಹುಳು ಸಿಕ್ಕಿಸುವುದು, ಹುಳು ತೆಗೆದು ಹಿಟ್ಟು ಸಿಕ್ಕಿಸುವುದು, ಹಿಟ್ಟಿಗೆ ಇನ್ನೊಂದು ವಾಸನೆ ಬೆರೆಸುವುದು.

ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ. ಒಂದು ದಿನ ಗೆಳೆಯನೊಬ್ಬ ನನ್ನದೇ ಡಬ್ಬಿಯಿಂದ ಒಂದು ಹಿಡಿ ಜೋಳ ಇಸಿದುಕೊಂಡು ಹೋಗಿ, ಐವತ್ತು ಹೆಜ್ಜೆ ಆಚೆ ಕೂತು ಮೂರು ಮೀನು ಹಿಡಿದ. ಅದೇ ಎರೆ, ಅದೇ ನೀರು. ಅವನು ಪೊದೆಯ ಹಿಂದೆ ಮೊಣಕಾಲೂರಿ ಕೂತಿದ್ದ. ನಾನು ಬಿಳಿ ಅಂಗಿ ಹಾಕಿಕೊಂಡು ದಡದ ತುದಿಯಲ್ಲಿ ನಿಂತಿದ್ದೆ. ಅಷ್ಟೇ ವ್ಯತ್ಯಾಸ.

ಅವತ್ತಿನಿಂದ ನಾನು ತಪ್ಪು ಹುಡುಕುವ ಕ್ರಮವನ್ನೇ ತಿರುಗಿಸಿಬಿಟ್ಟೆ. ಆಳವಿಲ್ಲದ ನೀರಿನಲ್ಲಿ, ಅಂದರೆ ಮೊಣಕಾಲಿನಿಂದ ಸೊಂಟದವರೆಗೆ ಬರುವ ನೀರಿನಲ್ಲಿ, ಮೊದಲು ಅನುಮಾನ ಪಡಬೇಕಾದ್ದು ನಮ್ಮ ಮೇಲೆ. ಆಮೇಲೆ ದಾರ, ಸೀಸ, ಕೊಕ್ಕೆ. ಎರೆಯ ಸರದಿ ಕಟ್ಟಕಡೆಗೆ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ದಾರ, ಕೊಕ್ಕೆ, ಎರೆ ಮೂರನ್ನೂ ಒಟ್ಟಿಗೆ ಬದಲಿಸಿ ಮೀನು ಬಿದ್ದರೆ ಖುಷಿಯೇನೋ ಆಗುತ್ತದೆ. ಆದರೆ ತಪ್ಪು ಯಾವುದಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಕಥೆ.

ಮೀನು ಇದೆ ಸರಿ, ಮೇಯುತ್ತಿದೆಯಾ?

ಮೇಯದ ಮೀನಿಗೆ ಯಾವ ಎರೆ ಹಾಕಿದರೂ ಒಂದೇ. ಹಾಗಾಗಿ ಕೋಲು ಬಿಚ್ಚುವ ಮುಂಚೆ ಹತ್ತು ನಿಮಿಷ ಸುಮ್ನೆ ನೀರು ನೋಡಿ.

ಗುಳ್ಳೆಗಳನ್ನು ಗಮನಿಸಿ. ಗೆಂಡೆ ಕೆಸರಿಗೆ ಮೂತಿ ಹಾಕಿ ಹುಳ, ಸಣ್ಣ ಬಸವನಹುಳು ಹೆಕ್ಕುವಾಗ ಚಿಕ್ಕ ಚಿಕ್ಕ ಗುಳ್ಳೆಗಳು ಗೊಂಚಲಾಗಿ ಏಳುತ್ತವೆ. ಆ ಗೊಂಚಲು ನಿಧಾನವಾಗಿ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ. ಅದರ ಜೊತೆಗೆ ಕೆಸರಿನ ಮೋಡವೂ ಎದ್ದರೆ ಇನ್ನೂ ಒಳ್ಳೆಯದು. ಒಂದೇ ಜಾಗದಲ್ಲಿ ಆಗೊಂದು ಈಗೊಂದು ದಪ್ಪ ಗುಳ್ಳೆ ಬರುತ್ತಿದ್ದರೆ ಅದು ತಳದಲ್ಲಿ ಕೊಳೆಯುತ್ತಿರುವ ಎಲೆಯ ಗ್ಯಾಸ್. ಅಲ್ಲಿ ಎರೆ ಹಾಕಿ ಕಾದವರಲ್ಲಿ ನಾನೂ ಒಬ್ಬ.

ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವಾಗಿದೆ ಅಂದುಕೊಳ್ಳಬೇಡಿ. ಬಹಳ ಸಲ ಅದು ಉಸಿರಾಟದ ಕಷ್ಟ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಅದರ ಮೇಲೆ ರಾತ್ರಿಯೆಲ್ಲ ಪಾಚಿ ಮತ್ತು ನೀರಿನ ಗಿಡಗಳೂ ಆಮ್ಲಜನಕ ಬಳಸುತ್ತವೆ. ಗಿಡ ಒತ್ತಾಗಿ ಬೆಳೆದ, ಬಿಸಿಯಾದ, ಆಳವಿಲ್ಲದ ನೀರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಅದು ತೀರಾ ಇಳಿದಿರುತ್ತದೆ. ಆಗ ಎರೆ ಬದಲಿಸಿ ಪ್ರಯೋಜನವಿಲ್ಲ. ಬಿಸಿಲು ಬಂದು ಗಿಡಗಳು ಕೆಲಸ ಶುರುಮಾಡಿದ ಮೇಲೆ, ಇಲ್ಲವೇ ಗಾಳಿ ನೀರನ್ನು ತಳ್ಳುತ್ತಿರುವ ದಡಕ್ಕೆ ಹೋಗಿ ನೋಡಿ.

ಮೀನುಗಳು ಗುಂಪಾಗಿ ಒಂದನ್ನೊಂದು ಅಟ್ಟಿಸಿಕೊಂಡು ಗಿಡಗಳ ನಡುವೆ ದಬದಬ ನೀರು ಬಡಿಯುತ್ತಿದ್ದರೆ ಅವು ಮೊಟ್ಟೆಯಿಡುತ್ತಿವೆ. ನೀರು 17-18 ಡಿಗ್ರಿ ದಾಟಿದ ಮೇಲೆ ಇದು ನಡೆಯುತ್ತದೆ. ಆಗ ಗಾಳ ಮಡಚಿಡಿ. ಅವು ತಿನ್ನುವುದಿಲ್ಲ. ತಿಂದರೂ ಆ ಹೊತ್ತಿನಲ್ಲಿ ಹಿಡಿಯುವುದು ಸರಿಯಲ್ಲ.

ಎರೆ ಬಿದ್ದ ತಕ್ಷಣ ಜಾಗ ಖಾಲಿ

ಆಳವಿಲ್ಲದ ನೀರಿನ ಅತಿ ದೊಡ್ಡ ದೋಷ ಇದೇ. ಹತ್ತರಲ್ಲಿ ಏಳು ಸಲ ತಪ್ಪು ಇಲ್ಲೇ ಇರುತ್ತದೆ ಎಂದು ನನ್ನ ಲೆಕ್ಕ.

ಮೊದಲು ಕಣ್ಣಿನ ವಿಷಯ. ನೀರೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಹೀಗೆ. ಆ ಕಿಟಕಿಯ ಅಗಲ ಮೀನಿರುವ ಆಳದ ಎರಡೂಕಾಲು ಪಟ್ಟು. ಮೀನು ಅರ್ಧ ಮೀಟರ್ ಆಳದಲ್ಲಿದ್ದರೆ ಕಿಟಕಿ ಸುಮಾರು 1.1 ಮೀಟರ್ ಅಗಲ. ಕಿಟಕಿ ಚಿಕ್ಕದು, ಹಾಗಾದರೆ ನಾವು ಕಾಣುವುದಿಲ್ಲ ಅಂತ ಖುಷಿ ಪಡಬೇಡಿ. ದಡ, ಮರ, ನೀವು, ನಿಮ್ಮ ಕೋಲು ಎಲ್ಲವೂ ಆ ಕಿಟಕಿಯ ಅಂಚಿನಲ್ಲಿ ಕುಗ್ಗಿ ಕೂತಿರುತ್ತವೆ. ತಗ್ಗಿನಲ್ಲಿರುವುದು ಹೆಚ್ಚು ಕುಗ್ಗುತ್ತದೆ, ಎತ್ತರಕ್ಕಿರುವುದು ಚೆನ್ನಾಗಿ ಕಾಣುತ್ತದೆ.

ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಕೋನಕ್ಕಿಂತ ಕೆಳಗಿರುವುದು ಮೀನಿಗೆ ಹೆಚ್ಚುಕಡಿಮೆ ಕಾಣದಷ್ಟು ಚಪ್ಪಟೆಯಾಗುತ್ತದೆ. ಇದನ್ನು ಅಳತೆಗೆ ತಂದರೆ, ಮೀನಿನಿಂದ 6 ಮೀಟರ್ ದೂರದಲ್ಲಿ ನೀವು ನೀರಿನ ಮಟ್ಟದಿಂದ 1 ಮೀಟರಿಗಿಂತ ಮೇಲೆ ಬರಬಾರದು. ಕೂತರೆ ಸಾಕು, ನಿಂತರೆ ಕೆಟ್ಟಿತು. 10 ಮೀಟರ್ ದೂರವಿದ್ದರೆ ನಿಂತರೂ ಹೇಗೋ ನಡೆಯುತ್ತದೆ. ದಡ ನೀರಿಗಿಂತ ಒಂದು ಮೀಟರ್ ಎತ್ತರ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ, ಅಷ್ಟು ಹಿಂದೆ ಸರಿಯಿರಿ. ಬೆನ್ನ ಹಿಂದೆ ಪೊದೆಯೋ ಮರವೋ ಇದ್ದರೆ ನಿಮ್ಮ ಆಕಾರ ಅದರಲ್ಲಿ ಬೆರೆತುಹೋಗುತ್ತದೆ. ಬರೀ ಆಕಾಶವಿದ್ದರೆ ಎದ್ದು ಕಾಣುತ್ತೀರಿ. ಸೂರ್ಯ ಬೆನ್ನ ಹಿಂದಿದ್ದರೆ ನೆರಳು ನೀರಿಗೆ ಬೀಳುತ್ತದೆ, ಅದು ಇನ್ನೂ ಕೆಟ್ಟದ್ದು.

ಇನ್ನು ಕಿವಿ. ಗೆಂಡೆಗೆ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಸರಪಳಿಯೇ ಇದೆ. ವೆಬರ್ ಮೂಳೆಗಳು ಅನ್ನುತ್ತಾರೆ. ಇದರಿಂದಾಗಿ ಅದರ ಕಿವಿ ಬೇರೆ ಬಹಳಷ್ಟು ಮೀನುಗಳಿಗಿಂತ ಚುರುಕು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಆದರೆ ಒಂದು ಸಮಾಧಾನ: ನಾವು ಗಾಳಿಯಲ್ಲಿ ಆಡುವ ಮಾತು ನೀರಿನ ಮೇಲ್ಮೈಗೆ ತಾಗಿ ಬಹುಪಾಲು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಮಾತಾಡಿದರೆ ಮೀನು ಓಡುತ್ತದೆ ಎಂದು ಪಕ್ಕದವರನ್ನು ಗದರಿಸಬೇಕಾಗಿಲ್ಲ. ಓಡಿಸುವುದು ಕಾಲು. ದಪ್ಪ ಹೆಜ್ಜೆ, ಡಬ್ಬಿಯನ್ನು ನೆಲಕ್ಕೆ ಕುಕ್ಕುವುದು, ಕೋಲಿನ ಕವೆಯನ್ನು ಕಲ್ಲಿನಿಂದ ಬಡಿದು ನೆಡುವುದು, ಇವೆಲ್ಲ ನೆಲದ ಮೂಲಕ ನೇರವಾಗಿ ನೀರಿಗೆ ಇಳಿಯುತ್ತವೆ.

ಮೂರನೆಯದು ಸೀಸ. ಆಳದ ನೀರಿನಲ್ಲಿ 80 ಗ್ರಾಂ ಸೀಸ ದೊಪ್ಪನೆ ಬಿದ್ದರೂ ಮೀನು ಎಷ್ಟೋ ಕೆಳಗಿರುತ್ತದೆ. ಅರ್ಧ ಮೀಟರ್ ನೀರಿನಲ್ಲಿ ಅದು ತಲೆಯ ಮೇಲೇ ಬಿದ್ದಂತೆ. ಹತ್ತಿರದ ಜಾಗಕ್ಕೆ ಸೀಸವೇ ಬೇಡ. ಕೊಕ್ಕೆ, ಎರೆ, ದಾರ ಇಷ್ಟೇ ಸಾಕು. ನೆನೆಸಿ ಹಿಂಡಿದ ಬ್ರೆಡ್ಡಿನ ತುಂಡಿಗೋ ಹಿಟ್ಟಿನ ಉಂಡೆಗೋ ತನ್ನದೇ ಭಾರವಿರುತ್ತದೆ, ಕೆಳಗಿನಿಂದ ತೂಗಿ ಬಿಟ್ಟರೆ ಹತ್ತು ಮೀಟರ್ ಆರಾಮಾಗಿ ಹೋಗುತ್ತದೆ. ದೂರ ಹೋಗಲೇಬೇಕಾದರೆ 10-20 ಗ್ರಾಂ ಸಾಕು. ಎರೆ ನೀರು ಮುಟ್ಟುವ ಕ್ಷಣಕ್ಕೆ ಮುಂಚೆ ರೀಲಿನ ಅಂಚಿಗೆ ಬೆರಳು ತಾಗಿಸಿ ದಾರದ ವೇಗ ಕಡಿಮೆ ಮಾಡಿ. ಕೋಲಿನ ತುದಿಯನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಆಗ ಸೀಸ ಬೀಳುವುದಿಲ್ಲ, ಇಳಿಯುತ್ತದೆ. ಸದ್ದಿನ ವ್ಯತ್ಯಾಸ ನಿಮಗೇ ಕೇಳಿಸುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ, ಮೀನಿನ ಮೇಲೆ ಎಸೆಯದೇ ಇರುವುದು. ಗೆಂಡೆ ಯಾವ ಕಡೆ ಸರಿಯುತ್ತಿದೆ ನೋಡಿ. ಅದು ಬರುವ ದಾರಿಯಲ್ಲಿ ಮೂರು ನಾಲ್ಕು ಮೀಟರ್ ಮುಂದೆ ಎರೆ ಇಟ್ಟು ಕಾಯಿರಿ. ಬೆದರಿಸಿದ ಜಾಗಕ್ಕೆ ಮತ್ತೆ ಮತ್ತೆ ಎಸೆಯುವುದು ಬೇಡ. ಅರ್ಧ ಗಂಟೆ ಬಿಡಿ, ಬಹಳ ಸಲ ತಾವಾಗಿ ವಾಪಸ್ ಬರುತ್ತವೆ.

ಬೆಂಡು ಕುಣಿಯುತ್ತದೆ, ಎಳೆದರೆ ಏನೂ ಇಲ್ಲ

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ತರಹ ಕಾಣುತ್ತವೆ. ಕೊಕ್ಕೆ ವಾಪಸ್ ಬಂದಾಗ ಹೇಗಿದೆ ಎಂದು ನೋಡದೆ ಮುಂದೆ ಹೋಗಬೇಡಿ.

ಎರೆ ಒಂಚೂರೂ ಕೆಡದೆ ಹಾಗೇ ಇದೆ, ದಾರದ ಮೇಲೆ ಒಂದೆರಡು ಅಡಿ ಲೋಳೆ ಅಂಟಿದೆ, ಅಥವಾ ಕೊಕ್ಕೆಯಲ್ಲಿ ಒಂದು ಹುರುಪೆ ಸಿಕ್ಕಿಕೊಂಡಿದೆ ಅಂದರೆ ಮೀನು ಎರೆ ಮುಟ್ಟಿಲ್ಲ. ಅದರ ಮೈ ದಾರಕ್ಕೆ ತಾಗಿದೆ ಅಷ್ಟೇ. ಆಳವಿಲ್ಲದ ನೀರಿನಲ್ಲಿ ದಾರ ಕೋಲಿನ ತುದಿಯಿಂದ ಎರೆಯವರೆಗೆ ಮೀನು ಓಡಾಡುವ ಅಷ್ಟೂ ಜಾಗವನ್ನು ಅಡ್ಡಹಾಯುತ್ತದೆ. ತಪ್ಪಿಸಿಕೊಂಡು ಹೋಗಲು ಮೀನಿಗೆ ಮೇಲೂ ಜಾಗವಿಲ್ಲ, ಕೆಳಗೂ ಇಲ್ಲ. ಪ್ರತಿ ಸಲ ತಾಗಿದಾಗ ನೀವು ಜಗ್ಗಿದರೆ ಇದ್ದ ಮೀನೂ ಹೋಗುತ್ತದೆ.

ಪರಿಹಾರ ದಾರವನ್ನು ತಳಕ್ಕೆ ಮಲಗಿಸುವುದು. ಎಸೆದ ಮೇಲೆ ಕೋಲಿನ ತುದಿಯನ್ನು ನೀರಿಗೆ ಅದ್ದಿ ಒಂದೆರಡು ಸುತ್ತು ಸುತ್ತಿ. ಆಮೇಲೆ ದಾರ ಸಡಿಲ ಬಿಡಿ. ಬಿಗಿದ ತಂತಿಯಂತಿರುವ ದಾರ ಯಾವತ್ತೂ ತಳ ಮುಟ್ಟುವುದಿಲ್ಲ. ಹೊಸ ನೈಲಾನ್ ದಾರಕ್ಕೆ ಜಿಡ್ಡಿದ್ದು ತೇಲುತ್ತಿದ್ದರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೆಣೆದ ದಾರ ಬಳಸುತ್ತಿದ್ದರೆ ಒಂದು ಸಂಗತಿ ತಿಳಿದಿರಲಿ. ಅದರ ಪಾಲಿಥಿಲೀನ್ ನೀರಿಗಿಂತ ಹಗುರ, ಸಾಂದ್ರತೆ 0.97. ಅದು ತಾನಾಗಿ ಮುಳುಗುವುದೇ ಇಲ್ಲ. ನೈಲಾನಿನದು ಸುಮಾರು 1.14, ನಿಧಾನವಾಗಿ ಮುಳುಗುತ್ತದೆ. ಫ್ಲೋರೋಕಾರ್ಬನ್ ಅನ್ನುವ ಇನ್ನೊಂದು ಬಗೆಯ ದಾರದ್ದು 1.78, ಬೇಗ ಮುಳುಗಿ ತಳಕ್ಕೆ ಅಂಟಿಕೊಳ್ಳುತ್ತದೆ. ತಿಳಿನೀರಿಗೆ ಕೊನೆಯ ಎರಡು ಮೀಟರ್ ಫ್ಲೋರೋಕಾರ್ಬನ್ ಕಟ್ಟಿದರೆ ಈ ಕಾಟ ಅರ್ಧ ಇಳಿಯುತ್ತದೆ. ಬಿಸಿಲಿನ ದಿನ ತೇಲುವ ದಾರದ ನೆರಳು ತಳದ ಮೇಲೆ ಗೆರೆ ಎಳೆದ ಹಾಗೆ ಬಿದ್ದಿರುವುದನ್ನು ಒಮ್ಮೆ ಬಗ್ಗಿ ನೋಡಿ, ಮೀನು ಯಾಕೆ ಹತ್ತಿರ ಬರಲಿಲ್ಲ ಅಂತ ಅರ್ಥವಾಗುತ್ತದೆ.

ಎರಡನೆಯ ಕಾಯಿಲೆಯಲ್ಲಿ ಎರೆ ಅಂಚು ಅಂಚಾಗಿ ಕೆರೆದು ಹೋಗಿರುತ್ತದೆ. ಬೆಂಡು ನಡುಗುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಇದು ಸಣ್ಣ ಮೀನು. ಬೆರಳುದ್ದದ ಬಾಯಿಗೆ ಹಿಡಿಯದಂಥ ಎರೆ ಹಾಕಬೇಕು. ಮೆತ್ತನೆಯ ಹಿಟ್ಟಿನ ಬದಲು ಎರಡು ಮೂರು ಗಟ್ಟಿ ಮೆಕ್ಕೆಜೋಳದ ಕಾಳು, ಇಲ್ಲವೇ ಬೇಯಿಸಿದ ಇಡೀ ಕಡಲೆ. ಎರೆಯನ್ನು ಕತ್ತರಿಯಿಂದ ಕತ್ತರಿಸಿದಂತೆ ಕಚ್ಚಿದ್ದರೆ ಆಮೆಯೋ ಏಡಿಯೋ ಇರಬೇಕು, ಜಾಗ ಬದಲಿಸಿ.

ಇಲ್ಲಿ ಬೆಂಡು ಕಟ್ಟುವ ಕ್ರಮದ ಬಗ್ಗೆಯೂ ಹೇಳಬೇಕು. ಗೆಂಡೆ ತಲೆ ಕೆಳಗೆ ಮಾಡಿ ತಿನ್ನುತ್ತದೆ, ಆಮೇಲೆ ಮೈ ನೇರ ಮಾಡುತ್ತದೆ. ಬೆಂಡು ಮುಳುಗಲಿ ಎಂದು ಕಾಯುವುದಕ್ಕಿಂತ ಅದು ಏಳುವುದನ್ನು ಕಾಯುವ ಕಟ್ಟು ಆಳವಿಲ್ಲದ ನೀರಿಗೆ ಚೆನ್ನಾಗಿ ಹೊಂದುತ್ತದೆ. ನೀರು 70 ಸೆಂ.ಮೀ. ಇದ್ದರೆ ಕೊಕ್ಕೆಯಿಂದ ಬೆಂಡಿಗೆ 80-85 ಸೆಂ.ಮೀ. ಬಿಡಿ. ಬೆಂಡನ್ನು ಅದರ ಬುಡದಲ್ಲಿ ಮಾತ್ರ ಕಟ್ಟಿ. ಕೊಕ್ಕೆಯಿಂದ 4-5 ಸೆಂ.ಮೀ. ಮೇಲೆ ಒಂದೇ ಒಂದು ಸೀಸದ ಗುಂಡು ಕಚ್ಚಿಸಿ. ಬೆಂಡನ್ನು ಪೂರ್ತಿ ಮುಳುಗಿಸುವಷ್ಟು ಭಾರ ಅದಕ್ಕಿರಬೇಕು. ಎಸೆದ ಮೇಲೆ ದಾರ ನಿಧಾನವಾಗಿ ಎಳೆದುಕೊಂಡರೆ ಬೆಂಡು ನೆಟ್ಟಗೆ ನಿಂತು ತುದಿ ಮಾತ್ರ ಕಾಣುತ್ತದೆ. ಮೀನು ಎರೆ ಬಾಯಿಗೆ ಹಾಕಿಕೊಂಡು ತಲೆ ಎತ್ತಿದರೆ ಗುಂಡೂ ಏಳುತ್ತದೆ, ಬೆಂಡು ಮೇಲೆ ಎದ್ದು ಅಡ್ಡ ಮಲಗುತ್ತದೆ. ಆಗ ಜಗ್ಗಿ. ಮೈ ತಾಗಿದ್ದು ಯಾವುದು, ತಿಂದದ್ದು ಯಾವುದು ಅನ್ನುವ ಗೊಂದಲ ಇದರಲ್ಲಿ ಬಹಳ ಕಡಿಮೆ.

ಎರೆ ಬಾಯಿಗೆ ಹೋಗಿ ಬಂದಿದೆ, ಮೀನು ಸಿಕ್ಕಿಲ್ಲ

ಗೆಂಡೆ ಕಚ್ಚುವ ಮೀನಲ್ಲ. ಅದರ ದವಡೆಯಲ್ಲಿ ಹಲ್ಲೇ ಇಲ್ಲ. ಅರೆಯುವ ಹಲ್ಲುಗಳಿರುವುದು ಗಂಟಲಿನ ಒಳಗೆ. ಬಾಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಎರೆಯನ್ನು ನೀರಿನ ಜೊತೆಗೇ ಹೀರುತ್ತದೆ. ಬಾಯೊಳಗೆ ಅಲ್ಲಾಡಿಸಿ, ಬೇಕಾದ್ದು ಇಟ್ಟುಕೊಂಡು ಕಲ್ಲು ಕಸ ಉಗುಳುತ್ತದೆ. ಕೆಸರಿನಿಂದ ಹುಳ ಹೆಕ್ಕುವ ಮೀನಿಗೆ ದಿನವಿಡೀ ಇದೇ ಕೆಲಸ ಅಲ್ವಾ? ನಿಮ್ಮ ಕೊಕ್ಕೆಯೂ ಅದಕ್ಕೆ ಒಂದು ಕಸ. ಎರೆಯ ಜೊತೆ ಸರಿಯಾಗಿ ಒಳಗೆ ಹೋಗದ ಕೊಕ್ಕೆಯನ್ನು ನಿಮಗೆ ಗೊತ್ತಾಗುವ ಮುಂಚೆಯೇ ಉಗುಳಿರುತ್ತದೆ.

ಕೊಕ್ಕೆಯ ಮೊನೆಯೇ ಮೊದಲ ಪರೀಕ್ಷೆ. ಹೆಬ್ಬೆರಳಿನ ಉಗುರಿನ ಮೇಲೆ ಒತ್ತದೆ ಎಳೆಯಿರಿ. ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿದರೆ ಮೊಂಡು. ಕಲ್ಲಿನ ತಳವಿದ್ದರೆ ಎರಡೇ ಎಸೆತಕ್ಕೆ ಮೊಂಡಾಗುತ್ತದೆ. ಎಷ್ಟೋ ಸಲ ದೋಷ ಇಷ್ಟೇ ಆಗಿರುತ್ತದೆ.

ಎರಡನೆಯದು, ಎರೆ ಮೊನೆಯನ್ನು ಮುಚ್ಚಿಬಿಟ್ಟಿದೆಯೇ? ಹಿಟ್ಟು, ಬ್ರೆಡ್ಡಿನಂಥ ಮೆತ್ತನೆಯ ಎರೆಯೊಳಗೆ ಮೊನೆ ಅಡಗಿದ್ದರೂ ತೊಂದರೆಯಿಲ್ಲ, ಜಗ್ಗಿದರೆ ಹರಿದುಕೊಂಡು ಬರುತ್ತದೆ. ಗಟ್ಟಿ ಕಾಳಿನೊಳಗೆ ಅಡಗಿದರೆ ಬರುವುದಿಲ್ಲ. ಗಟ್ಟಿ ಎರೆಗೆ ಹೇರ್ ರಿಗ್ ಕಟ್ಟಬೇಕು. ಅಂದರೆ ಎರೆ ಕೊಕ್ಕೆಯ ಮೇಲೆ ಇರುವುದಿಲ್ಲ, ಕೊಕ್ಕೆಯಿಂದ ಜೋತುಬಿದ್ದ ಒಂದು ಎಳೆಯಲ್ಲಿ ಪೋಣಿಸಿರುತ್ತದೆ. ಮೀನು ಎರೆಯನ್ನು ಹೀರಿದಾಗ ಬೆತ್ತಲೆ ಕೊಕ್ಕೆಯೂ ಹಿಂದೆ ಹೋಗುತ್ತದೆ, ಉಗುಳುವಾಗ ತುಟಿಗೆ ಚುಚ್ಚುತ್ತದೆ. ಇಂಗ್ಲೆಂಡಿನ ಲೆನ್ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಇದನ್ನು 1970ರ ದಶಕದ ಕೊನೆಗೆ ರೂಪಿಸಿದರು. ಮೊದಮೊದಲು ನಿಜವಾದ ತಲೆಗೂದಲನ್ನೇ ಕಟ್ಟಿದ್ದರಿಂದ ಆ ಹೆಸರು ಉಳಿಯಿತು. ಗೆಂಡೆ ಹಿಡಿಯುವ ಗಾಳದಲ್ಲಿ ಇದರಷ್ಟು ದೊಡ್ಡ ಬದಲಾವಣೆ ಬೇರೆ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೇರ್ ರಿಗ್ ಕಟ್ಟಿದ ಮೇಲೂ ಸಿಗದಿದ್ದರೆ ಅಳತೆ ನೋಡಿ. ಕೊಕ್ಕೆಯ ಬಾಗಿಗೂ ಎರೆಗೂ ನಡುವೆ ನಾಲ್ಕೈದು ಮಿಲಿಮೀಟರ್ ಸಾಕು. ಜಾಸ್ತಿ ಬಿಟ್ಟರೆ ಎರೆ ಒಳಗೆ, ಕೊಕ್ಕೆ ಹೊರಗೆ. ಎರಡು ಜೋಳದ ಕಾಳಿಗೆ 8 ಅಥವಾ 10ನೇ ನಂಬರಿನ ಕೊಕ್ಕೆ ಸರಿಹೋಗುತ್ತದೆ, ಕಡಲೆಗೆ 6 ಅಥವಾ 8. ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು, ಹೊಸಬರು ಇದನ್ನು ಉಲ್ಟಾ ಹಿಡಿಯುವುದುಂಟು. ಕೊಕ್ಕೆಯಿಂದ ಸೀಸದವರೆಗಿನ ತುಂಡು ದಾರ 15-20 ಸೆಂ.ಮೀ. ಇರಲಿ. ತಳ ಮೆತ್ತನೆ ಗೋಡಾಗಿದ್ದರೆ ಸೀಸ ಹೂತುಕೊಂಡು ಈ ತುಂಡನ್ನೂ ಒಳಗೆಳೆಯುತ್ತದೆ, ಆಗ ಅದನ್ನು 30ಕ್ಕೆ ಹೆಚ್ಚಿಸಿ. ವಾಪಸ್ ಬಂದ ಸೀಸಕ್ಕೆ ಕಪ್ಪು ಕೆಸರು ಮೆತ್ತಿ ವಾಸನೆ ಹೊಡೆಯುತ್ತಿದ್ದರೆ ನಿಮ್ಮ ಎರೆ ಇಷ್ಟು ಹೊತ್ತು ಕೆಸರೊಳಗೆ ಕೂತಿತ್ತು ಅಂತಲೇ ಲೆಕ್ಕ.

ಇನ್ನೊಂದು ಎಚ್ಚರಿಕೆ. ಸೀಸವನ್ನು ದಾರಕ್ಕೆ ಬಿಡಿಸಲಾಗದಂತೆ ಗಂಟು ಹಾಕಬೇಡಿ. ದಾರ ಹರಿದರೆ ಸೀಸ ಕಳಚಿಬೀಳುವ ಹಾಗಿರಬೇಕು, ಇಲ್ಲದಿದ್ದರೆ ಮೀನು ಅದನ್ನು ಎಳೆದುಕೊಂಡೇ ತಿರುಗಿ ಎಲ್ಲೋ ಗಿಡಕ್ಕೆ ಸಿಕ್ಕಿ ಸಾಯುತ್ತದೆ.

ದಾರ ಹರಿಯಿತು

ಹರಿದ ತುದಿಯನ್ನು ಬಿಸಾಡಬೇಡಿ. ಏನಾಯಿತು ಅನ್ನುವುದು ಅದರಲ್ಲೇ ಇದೆ. ಬೆಳಕಿಗೆ ಹಿಡಿದು ನೋಡಿ, ಬೆರಳ ನಡುವೆ ಎಳೆದು ನೋಡಿ.

ತುದಿ ಹಂದಿಬಾಲದ ಹಾಗೆ ಸುರುಳಿಯಾಗಿದ್ದರೆ ದಾರ ಹರಿದೇ ಇಲ್ಲ. ಗಂಟು ಜಾರಿದೆ. ಸುತ್ತು ಕಡಿಮೆ ಹಾಕಿದ್ದಿರಿ, ಅಥವಾ ಪೂರ್ತಿ ಬಿಗಿಯಾಗಿರಲಿಲ್ಲ. ಸುರುಳಿಯಿಲ್ಲದೆ ಗಂಟಿನ ಬುಡದಲ್ಲೇ ತುಂಡಾಗಿದ್ದರೆ ಗಂಟು ಬಿಗಿಯುವಾಗ ಒಣದಾರ ಉಜ್ಜಿ ಬಿಸಿಯಾಗಿ ಸತ್ತಿದೆ. ಬಿಗಿಯುವ ಮುಂಚೆ ಎಂಜಲು ಹಚ್ಚಿ, ನಿಧಾನವಾಗಿ ಎಳೆಯಿರಿ. ತುದಿಯ ಹಿಂದೆ ಒಂದಡಿಯಷ್ಟು ದಾರ ಒರಟಾಗಿ, ಬಿಳಿಚಿಕೊಂಡು ಬೆರಳಿಗೆ ತರಿತರಿ ಅನ್ನಿಸಿದರೆ ಕಲ್ಲು, ಚಿಪ್ಪು ಅಥವಾ ಮುಳುಗಿದ ಕಟ್ಟಿಗೆಗೆ ಉಜ್ಜಿದೆ. ಅಷ್ಟು ಉದ್ದ ಕತ್ತರಿಸಿ ಎಸೆದು ಹೊಸದಾಗಿ ಕಟ್ಟಿ.

ಏನೂ ಉಜ್ಜದ ಕಡೆ, ಕೊಕ್ಕೆಯಿಂದ ಒಂದೆರಡು ಅಡಿ ಮೇಲೆ ದಾರ ಗರಗಸ ಆಡಿಸಿದಂತೆ ಹರಿದಿದ್ದರೆ? ಗೆಂಡೆಯ ಬೆನ್ನಿನ ರೆಕ್ಕೆಯ ಮುಂದಿರುವ ಮುಳ್ಳಿಗೆ ಹಿಂಬದಿಯಲ್ಲಿ ಗರಗಸದಂಥ ಹಲ್ಲುಗಳಿವೆ. ಹೊಟ್ಟೆಯ ಕೆಳಗೆ, ಬಾಲದ ಹತ್ತಿರದ ರೆಕ್ಕೆಯಲ್ಲೂ ಅಂಥದೇ ಮುಳ್ಳಿದೆ. ಮೀನು ತಿರುಗಿದಾಗ ದಾರ ಅದರ ಮೇಲೆ ಹಾದರೆ ಮುಗಿಯಿತು. ಕೊನೆಯ ಒಂದು ಮೀಟರಿಗೆ ಸ್ವಲ್ಪ ದಪ್ಪ ದಾರ ಕಟ್ಟುವುದೇ ಇದಕ್ಕೆ ಮದ್ದು.

ದಾರ ಎಲ್ಲೆಂದರಲ್ಲಿ, ಸಣ್ಣ ಎಳೆತಕ್ಕೇ ಹರಿಯುತ್ತಿದ್ದರೆ ಅದು ಹಳೆಯದಾಗಿದೆ. ಬಿಸಿಲು ನೈಲಾನನ್ನು ತಿನ್ನುತ್ತದೆ. ಗಾಡಿಯ ಹಿಂದಿನ ಗಾಜಿನ ಕೆಳಗೆ ರೀಲು ಇಟ್ಟು ವರ್ಷಗಟ್ಟಲೆ ಓಡಾಡುವವರಿಗೆ ನಾನು ಹೇಳುವುದೇನೂ ಇಲ್ಲ.

ದಾರ ಹರಿಯದೆ ಮೀನು ಮಾತ್ರ ಬಿಟ್ಟುಹೋಗುತ್ತಿದ್ದರೆ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತ, ನೋಡಿ. 4 ಕಿಲೋ ತಡೆಯುವ ದಾರಕ್ಕೆ 1 ರಿಂದ 1.3 ಕಿಲೋ ಎಳೆತದಲ್ಲಿ ರೀಲು ದಾರ ಬಿಡಬೇಕು. ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಒಮ್ಮೆ ಅಳೆದುಬಿಡಿ, ಅಂದಾಜು ನಂಬಬೇಡಿ. ಆಳವಿಲ್ಲದ ನೀರಿನಲ್ಲಿ ಮೀನಿಗೆ ಕೆಳಗೆ ಹೋಗಲು ಜಾಗವಿಲ್ಲ, ಅದು ಅಡ್ಡಕ್ಕೆ ಜೊಂಡಿನ ಕಡೆ ನುಗ್ಗುತ್ತದೆ. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಮೀನು ಮೇಲೆ ಬಂದು ನೀರು ಬಡಿದು ಕೊಕ್ಕೆ ಕಳಚಿಕೊಳ್ಳುತ್ತದೆ. ಕೋಲನ್ನು ನೀರಿಗೆ ಸಮನಾಗಿ ತಗ್ಗಿಸಿ, ಮೀನು ಹೋಗುವ ದಿಕ್ಕಿಗೆ ವಿರುದ್ಧ ಪಕ್ಕಕ್ಕೆ ಎಳೆಯಿರಿ. ಕೈಬಲೆಯನ್ನು ಮುಂಚೆಯೇ ನೀರಿಗಿಳಿಸಿ ಅಲ್ಲಾಡಿಸದೆ ಹಿಡಿದು, ಮೀನನ್ನು ಅದರ ಮೇಲೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡಿದರೆ ಕೊನೆ ಗಳಿಗೆಯಲ್ಲಿ ಕಳೆದುಕೊಳ್ಳುತ್ತೀರಿ.

ಈಗ ಎರೆ

ಮೇಲಿನದೆಲ್ಲ ಸರಿಯಿದೆ, ಮೀನು ಎರೆಯ ಹತ್ತಿರ ಬಂದು, ಮೂಸಿ, ಮುಟ್ಟದೆ ಹೋಗುತ್ತಿದೆ. ಆಗ ಮಾತ್ರ ಎರೆಯ ಮೇಲೆ ಅನುಮಾನ ಪಡಿ.

ಬೆಂದಿದೆಯಾ? ಒಣ ಮೆಕ್ಕೆಜೋಳ 24 ಗಂಟೆ ನೆನೆಯಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಕುದಿಯಬೇಕು. ಕಡಲೆ ಒಂದು ರಾತ್ರಿ ನೆನೆದು, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಬೇಕು. ಇದು ರುಚಿಯ ಮಾತಷ್ಟೇ ಅಲ್ಲ. ನೆನೆಯದ ಕಾಳು ಮೀನಿನ ಒಳಗೆ ಹೋಗಿ ಉಬ್ಬುತ್ತದೆ. ಗೆಂಡೆಗೆ ನಮ್ಮಂತೆ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ. ಜೋಳವನ್ನು ಬೇಯಿಸಿದ ನೀರಿನಲ್ಲೇ ಒಂದೆರಡು ದಿನ ಬಿಟ್ಟರೆ ಅಂಟಂಟಾಗಿ ಹುಳಿಸಿಹಿ ವಾಸನೆ ಬರುತ್ತದೆ. ಅಂಗಡಿಯ ಯಾವ ಸುವಾಸನೆಯೂ ಅದಕ್ಕೆ ಸಮವಲ್ಲ. ಬೂಷ್ಟು ಬಂದರೆ ಮಾತ್ರ ಎಸೆದುಬಿಡಿ.

ಜಾಸ್ತಿ ಚೆಲ್ಲಿದ್ದೀರಾ? ಇದು ಬಹಳ ಸಾಮಾನ್ಯ ತಪ್ಪು. ಮೀನು ಬರಲಿ ಎಂದು ಬಕೆಟ್ ಗಟ್ಟಲೆ ಮೇವು ಚೆಲ್ಲಿದರೆ ನಿಮ್ಮ ಒಂದು ಕಾಳು ಸಾವಿರದಲ್ಲಿ ಒಂದಾಗುತ್ತದೆ. ಉಳಿದದ್ದು ಬಿಸಿಯಾದ ತೆಳುನೀರಿನಲ್ಲಿ ಬೇಗ ಕೊಳೆತು ಜಾಗವನ್ನೇ ಕೆಡಿಸುತ್ತದೆ. ಶುರುವಿಗೆ ಒಂದು ಹಿಡಿ ಸಾಕು. ಆಮೇಲೆ ಒಂದೊಂದು ಮೀನು ಬಿದ್ದಾಗ ಐದಾರು ಕಾಳು. ಅದನ್ನೂ ದೊಪ್ಪನೆ ಎಸೆಯಬೇಡಿ, ಚದುರಿಸಿ.

ನೀರು ತಣ್ಣಗಿದೆಯಾ? 20ರಿಂದ 25 ಡಿಗ್ರಿಯಲ್ಲಿ ಗೆಂಡೆ ಚೆನ್ನಾಗಿ ತಿನ್ನುತ್ತದೆ. 10ಕ್ಕೆ ಇಳಿದರೆ ತಿನ್ನುವುದೇ ಅಪರೂಪ. ಆಳವಿಲ್ಲದ ನೀರು ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತದೆ, ಒಂದೇ ಮಧ್ಯಾಹ್ನದಲ್ಲಿ ಬಿಸಿಯಾಗುತ್ತದೆ. ತಣ್ಣನೆಯ ನೀರಿಗೆ ಚಿಕ್ಕ ಎರೆ, ಒಂದೇ ಕಾಳು ಅಥವಾ ಎರೆಹುಳುವಿನ ತುಂಡು. ಬೆಚ್ಚಗಿನ ನೀರಿಗೆ ದೊಡ್ಡ ಎರೆ ಹಾಕಬಹುದು.

ಹಿಟ್ಟಿನ ಉಂಡೆ ಎಷ್ಟು ಹೊತ್ತು ನಿಲ್ಲುತ್ತದೆ? ಇದನ್ನು ಮನೆಯಲ್ಲೇ ನೋಡಿಕೊಳ್ಳಿ. ಒಂದು ಗಾಜಿನ ಲೋಟದ ನೀರಿಗೆ ಹಾಕಿ ಗಡಿಯಾರ ನೋಡಿ. ಹತ್ತು ನಿಮಿಷಕ್ಕೆ ಕರಗಿದರೆ ನೀವು ದಿನವಿಡೀ ಬರೀ ಕೊಕ್ಕೆ ನೀರಿಗೆ ಬಿಟ್ಟುಕೊಂಡು ಕೂತಿದ್ದಿರಿ. ಇನ್ನಷ್ಟು ನಾದಿ, ನೀರು ಕಡಿಮೆ ಮಾಡಿ, ಹತ್ತಿಯ ಒಂದೆರಡು ಎಳೆ ಬೆರೆಸಿದರೆ ಕೊಕ್ಕೆಗೆ ಗಟ್ಟಿಯಾಗಿ ಕೂರುತ್ತದೆ. ಒಂದು ಗಂಟೆಯಾದರೂ ಕಲ್ಲಿನಂತೆ ಇದ್ದರೆ ಅದೂ ಕೆಲಸಕ್ಕೆ ಬಾರದು, ವಾಸನೆ ಬಿಡುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೊರಮೈ ನಿಧಾನವಾಗಿ ಉದುರುವ ಹದ ಸರಿ.

ಮೀನು ಮೇಲ್ಮೈಯಲ್ಲೇ ತೇಲುತ್ತಾ, ಉಸಿರಿಗಾಗಿ ಅಲ್ಲದೆ ಬಿದ್ದ ಎಲೆ, ಹುಳ ಹೆಕ್ಕುತ್ತಿದ್ದರೆ ತಳಕ್ಕೆ ಎರೆ ಹಾಕುವುದೇ ತಪ್ಪು. ಹೆಬ್ಬೆರಳಗಲದ ಬ್ರೆಡ್ಡಿನ ಅಂಚನ್ನು ಕೊಕ್ಕೆಗೆ ಸಿಕ್ಕಿಸಿ, ಸೀಸ ಬೆಂಡು ಎರಡೂ ತೆಗೆದು ತೇಲಿಬಿಡಿ. ಇಲ್ಲಿ ಮಾತ್ರ ದಾರ ತೇಲಬೇಕು, ಹೆಣೆದ ದಾರಕ್ಕೆ ಕೆಲಸ ಸಿಗುವುದು ಇಲ್ಲೇ. ಮೊದಲು ಕೊಕ್ಕೆಯಿಲ್ಲದ ನಾಲ್ಕು ತುಂಡು ಬಿಟ್ಟು ನೋಡಿ. ನಾಲ್ಕನ್ನೂ ಹೆದರದೆ ನುಂಗಿದ ಮೇಲೆ ಐದನೆಯದನ್ನು ಕಳಿಸಿ.

ಇಷ್ಟೆಲ್ಲ ನೋಡಿಯೂ ಮುಟ್ಟದಿದ್ದರೆ, ಸರಿ, ಜೋಳ ತೆಗೆದು ಹುಳು ಸಿಕ್ಕಿಸಿ.